ನಾಲ್ಕು ಮಧ್ಯಾಹ್ನದ ಪ್ರಾಯಶ್ಚಿತ್ತ

ಇಡೀ ಇಳಕಲ್ಲಿನಲ್ಲಿ ನನ್ನ ಅಕ್ಕನ ಗಂಡ ಹೊಳಬಸಪ್ಪನವರಷ್ಟು ತಲೆನೋವಿನ ಮನುಷ್ಯ ಇನ್ನೊಬ್ಬರಿರಲಿಲ್ಲ. ಕುಡಿಯುತ್ತಿರಲಿಲ್ಲ, ಇಸ್ಪೀಟು ಮುಟ್ಟುತ್ತಿರಲಿಲ್ಲ, ಯಾರ ತಂಟೆಗೂ ಹೋಗುತ್ತಿರಲಿಲ್ಲ. ಅದೇ ತಲೆನೋವು. ತಪ್ಪು ಮಾಡುವವನನ್ನು ಬೈದು ದಾರಿಗೆ ತರಬಹುದು. ತಪ್ಪೇ ಮಾಡುವುದಿಲ್ಲ ಎಂದು ಹಟ ಹಿಡಿದು ಕುಳಿತವರನ್ನು ಏನು ಮಾಡುತ್ತೀರಿ?

ನಾನು ಸೋಮಲಿಂಗ. ಬಸ್ ಸ್ಟ್ಯಾಂಡಿನ ಹಿಂದೆ ಗಾಡಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಮಾಮಾ, ಅಂದರೆ ಈ ಹೊಳಬಸಪ್ಪನವರು, ಕೈಮಗ್ಗದ ನೇಕಾರರು. ಓಣಿಯವರೆಲ್ಲ ಪವರ್‌ಲೂಮ್ ಹಾಕಿಕೊಂಡು ಕಿವಿ ಕಿವುಡು ಮಾಡಿಕೊಂಡರೂ ಇವರು ಮಾತ್ರ ಪಡಸಾಲೆಯ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು ಲಾಳಿ ಎಸೆಯುತ್ತಲೇ ಇದ್ದರು. ಒಂದು ಎಳೆ ತಪ್ಪಿದ್ದು ಗೊತ್ತಾದರೆ ಒಂದು ಮೊಳ ನೇಯ್ದದ್ದನ್ನೂ ಬಿಚ್ಚುವವರು. "ಉಟ್ಟಾಕಿಗೆ ಗೊತ್ತಾಗೂದಿಲ್ರಿ" ಎಂದು ಅಕ್ಕ ಅಂಬವ್ವ ಬಡಿದುಕೊಂಡರೆ, "ನೇದಾಂವಗ ಗೊತ್ತೈತಲ್ಲ" ಎನ್ನುತ್ತಿದ್ದರು. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ದಿನಾ ಪೂಜೆಯ ಹೊತ್ತಿಗೆ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಆ ದಿನ ತಾವು ಮಾಡಿದ ತಪ್ಪುಗಳನ್ನೆಲ್ಲ ಬಾಯಿಬಿಟ್ಟು ಹೇಳುತ್ತಿದ್ದರು. ಅವೆಂಥ ತಪ್ಪು ಅಂತೀರಿ! ಹೆಲ್ಮೆಟ್ಟಿನ ಪಟ್ಟಿ ಬಿಗಿಯದೆ ಬಜಾರದ ತನಕ ಹೋದದ್ದು. ತಿರುಗುವಾಗ ಕೈ ತೋರಿಸಲು ಮರೆತದ್ದು.

ಒಮ್ಮೆ ಬಾಗಲಕೋಟೆಯಲ್ಲಿ ಭಾನುವಾರ ಮಧ್ಯಾಹ್ನ ಸಿಗ್ನಲ್ಲಿಗೆ ಸಿಕ್ಕಿಬಿದ್ದೆವು. ನಾನು ಅವರ ಮೊಪೆಡ್ಡಿನ ಹಿಂದೆ ಕುಳಿತಿದ್ದೆ. ಕೆಂಪು ದೀಪ. ನಾಲ್ಕೂ ರಸ್ತೆಯಲ್ಲಿ ಒಂದು ನಾಯಿ ಕೂಡ ಇಲ್ಲ.

"ಯಾರೂ ಇಲ್ಲಲ್ರಿ ಮಾಮಾ, ಹೊಡೀರಿ ಗಾಡಿ."

"ಯಾರೂ ಇಲ್ಲ ಅಂತ ನಿನಗ ಯಾರ್ ಹೇಳಿದ್ರು?"

ಅಷ್ಟು ಹೇಳಿ ಎದೆಯ ಕರಡಿಗೆಯನ್ನು ಮುಟ್ಟಿಕೊಂಡರು. ಸುಡುವ ಬಿಸಿಲು. ಆದರೂ ಅವರು ಹೇಳಿದ ರೀತಿಗೆ ನನಗೆ ಬೆನ್ನ ಮೇಲೆ ತಣ್ಣೀರು ಸುರಿದಂತಾಯಿತು. ತಿರುಗಿ ತಿರುಗಿ ನೋಡಿದೆ. ಖರೇನೇ ಯಾರೂ ಇರಲಿಲ್ಲ.

ಇನ್ನೊಮ್ಮೆ ಅಮೀನಗಡದಲ್ಲಿ ಕರದಂಟು ಕೊಂಡು ಹೊರಗೆ ಬಂದರೆ, ಗಾಡಿ ನಿಲ್ಲಿಸಬಾರದು ಎನ್ನುವ ಫಲಕದ ಕೆಳಗೇ ನಮ್ಮ ಗಾಡಿ ನಿಂತಿತ್ತು. ಅಷ್ಟೇ. ಆ ರಾತ್ರಿ ಮಾಮಾ ಊಟ ಬಿಟ್ಟರು, ಕರದಂಟನ್ನು ಓಣಿಯ ಮಕ್ಕಳಿಗೆ ಹಂಚಿದರು. ನನಗೆ ಮೈಯೆಲ್ಲ ಉರಿಯಿತು. "ನೀವು ಉಪವಾಸ ಬಿದ್ರ ಫಲಕಕ್ಕ ಏನ್ ಹೊಟ್ಟಿ ತುಂಬತೈತ್ರಿ?" ಎಂದು ಕೂಗಾಡಿದೆ. ಅವರು ನಕ್ಕರು. ಆಮೇಲೆ ಸಣ್ಣ ಮಗುವಿಗೆ ಹೇಳುವ ಹಾಗೆ ಹೇಳಿದರು: "ರಸ್ತೆ ಮ್ಯಾಲ ಎದುರು ಬರಾಂವ ಯಾರು ಅಂತ ನಮಗ ಗೊತ್ತಿಲ್ಲ. ಆದ್ರೂ ಅಂವ ನಮ್ಮನ್ನ ನಂಬಿ ಬರ್ತಾನ. ಅಂವಗ ನಾವು ಮಾತ್ ಕೊಟ್ಟಂಗ ಅದು."

ಇಂಥವರು ಕಳೆದ ಶ್ರಾವಣದ ಎರಡನೆಯ ಸೋಮವಾರ ರಾಂಗ್ ಸೈಡಿನಲ್ಲಿ ಹೋದರು.

ಆ ದಿನ ಮನೆಯಲ್ಲಿ ಮಠದ ಅಯ್ಯನೋರಿಗೆ, ಅಂದರೆ ಜಂಗಮರಿಗೆ, ಪ್ರಸಾದ ಇಟ್ಟುಕೊಂಡಿದ್ದರು. ಪಾದಪೂಜೆಯಾಗಿ, ಅಯ್ಯನೋರು ಉಂಡ ಮೇಲೆಯೇ ಮನೆಯವರ ಊಟ. ಬೆಳಿಗ್ಗೆ ಮಾಮಾ ಹುನಗುಂದದ ಕಡೆಯ ಒಂದು ಹಳ್ಳಿಗೆ ಸೀರೆ ಕೊಟ್ಟುಬರಲು ಹೋದವರು ಚಹಾ, ಮಾತು ಅಂತ ತಡಮಾಡಿಕೊಂಡರು. ಅಕ್ಕನ ಫೋನು ಹೋಯಿತು: "ಅಯ್ಯನೋರು ಬಂದು ಮಣಿ ಮ್ಯಾಲ ಕುಂತಾರ. ಮುಂಜಾನಿಂದ ಹನಿ ನೀರ ಕುಡದಿಲ್ಲಂತ. ಎಲ್ಲಿದ್ದೀರಿ?"

ಆ ಹಳ್ಳಿಯ ದಾರಿ ಹೆದ್ದಾರಿಗೆ ಕೂಡುವ ಕಡೆ ಎದುರಿಗೇ ಡಿವೈಡರ್ ಇದೆ. ಇಳಕಲ್ಲಿಗೆ ಬರಬೇಕಾದರೆ ಮೊದಲು ಎಡಕ್ಕೆ ತಿರುಗಿ, ಹುನಗುಂದದ ಕಡೆ ಮೂರು ಕಿಲೋಮೀಟರ್ ಹೋಗಿ, ಅಲ್ಲಿ ಸುತ್ತು ಹಾಕಿ ವಾಪಸ್ಸು ಬರಬೇಕು. ಹಾಗೆ ಸುತ್ತಿ ಬರುವ ಭೂಪ ನಮ್ಮ ಮಾಮಾ ಒಬ್ಬರೇ. ಉಳಿದವರೆಲ್ಲ ಬಲಕ್ಕೆ ಹೊರಳಿ, ಎದುರು ಬರುವ ಗಾಡಿಗಳ ಅಂಚಿನಲ್ಲಿ ಮುನ್ನೂರು ಮೀಟರ್ ರಾಂಗ್ ಸೈಡಿನಲ್ಲೇ ಹೋಗಿ, ಡಿವೈಡರಿನ ಸಂದಿಯಲ್ಲಿ ಆಚೆ ದಾಟುತ್ತಾರೆ. ನಾನೂ ಹಾಗೇ ಹೋಗುವವನು. ಮಾಮಾ ಅಲ್ಲಿ ನಿಂತು ಯೋಚನೆ ಮಾಡಿದರಂತೆ. ಹಸಿದ ಅಯ್ಯನೋರನ್ನು ಕಾಯಿಸುವುದು ದೊಡ್ಡ ತಪ್ಪೋ, ಮುನ್ನೂರು ಮೀಟರ್ ದೊಡ್ಡ ತಪ್ಪೋ? ಆಮೇಲೆ ಬಲಕ್ಕೆ ಹೊರಳಿದರು.

ಮನೆಗೆ ಬಂದು ಅಯ್ಯನೋರಿಗೆ ಎಡೆ ಬಡಿಸಿದರು. ತಾವು ಮಾತ್ರ ಎಲೆಯ ಮುಂದೆ ಕೂರಲಿಲ್ಲ. ಏನಾಯಿತು ಎಂದು ಕೇಳಿದರೆ ಎಲ್ಲರೆದುರು ಹೇಳಿದರು.

"ಒಂದು ಬೈಕ್ ಎದುರು ಬಂತು. ಅದರ ಬಾಜೂಕ ಲಾರಿ. ನಾ ರಾಂಗ್ ಸೈಡಿನ್ಯಾಗ ಅದೇನಿ, ಅಂವನ ಮಾರಿ ಹೆಂಗ ನೋಡ್ಲಿ? ನಾಚಿಕಿ ಆತು. ತಲಿ ತಗ್ಗಿಸಿದೆ. ಲಾರಿ ಭರ್ ಅಂತ ಹೋತು. ತಲಿ ಎತ್ತಿ ನೋಡಿದ್ರ ಬೈಕ್ ಇಲ್ಲ."

"ಲಾರಿ ಮರೀಗೆ ಹೋಗಿರ್ತಾನ ತಗೋರಿ," ಎಂದೆ.

"ಹೊಳ್ಳಿ ನೋಡಿದ್ನೆಲೇ. ಲಾರಿ ಅಷ್ಟ ಕಂಡ್ತು."

"ಅಂವ ಲಾರಿ ಮುಂದ ಹೋಗಿದ್ರ ಹೆಂಗ್ ಕಾಣತೈತಿ?"

ಅಯ್ಯನೋರು ನಕ್ಕುಬಿಟ್ಟರು. "ಬಿಡೋ ಹೊಳಬಸಪ್ಪ, ಊರೆಲ್ಲಾ ಹೋಗತೈತಿ. ಅಷ್ಟಕ್ಕ ಶಿವ ಸಿಟ್ಟಾಗೂದಿಲ್ಲ."

"ಬೈಕ್ ಮ್ಯಾಲ ಬಂದಾಂವ ಅವನ ಅದಾನ್ರಿ ಅಯ್ಯನೋರ," ಎಂದರು ಮಾಮಾ.

ಶಿವ ವೇಷ ಮರೆಸಿಕೊಂಡು ಬಂದು ಭಕ್ತರನ್ನು ಪರೀಕ್ಷೆ ಮಾಡಿ ಮಾಯವಾಗುವ ಕಥೆಗಳನ್ನು ಪ್ರತಿ ಶ್ರಾವಣದಲ್ಲೂ ಮಠದ ಪುರಾಣದಲ್ಲಿ ಕೇಳಿ ಬೆಳೆದವರು ನಾವೆಲ್ಲ. ಕೇಳುವಾಗ ಚೆಂದ ಇರುತ್ತದೆ. ನಮ್ಮ ಮನೆಯ ಪಡಸಾಲೆಯಲ್ಲಿ, ಹಗಲು ಹೊತ್ತಿನಲ್ಲಿ, ಸುಳ್ಳೇ ಆಡದ ಮನುಷ್ಯನ ಬಾಯಿಂದ ಕೇಳಿದರೆ ಕೈಕಾಲು ತಣ್ಣಗಾಗುತ್ತವೆ. ಅಯ್ಯನೋರು ಬೇಗ ಬೇಗ ಕೈ ತೊಳೆದು ಎದ್ದರು.

ಆಗ ಮಾಮಾ ಲಿಂಗ ಮುಟ್ಟಿ ಆಣೆ ಮಾಡಿದರು. ದಿನಾ ಅದೇ ಹೊತ್ತಿಗೆ ಅದೇ ಜಾಗದಲ್ಲಿ ನಿಂತು ಕ್ಷಮೆ ಬೇಡುವುದು. ಕ್ಷಮೆ ಸಿಕ್ಕಿತು ಎಂದು ತಮಗೆ ಅನ್ನಿಸುವ ತನಕ ಊಟವಿಲ್ಲ, ಮಗ್ಗವಿಲ್ಲ, ಬರೀ ಒಂದು ಲೋಟ ಹಾಲು. ಅವರಿಗೆ ಸಕ್ಕರೆ ಕಾಯಿಲೆ. ಊಟ ಬಿಟ್ಟು ಗುಳಿಗೆ ನುಂಗಿದರೆ ಒಂದು ದಿನ ಎದ್ದೇಳುವುದೇ ಇಲ್ಲ ಎಂದು ದವಾಖಾನೆಯಲ್ಲಿ ಅಕ್ಕನಿಗೆ ಬಿಡಿಸಿ ಹೇಳಿದ್ದರು.

ಮಂಗಳವಾರ ಮಧ್ಯಾಹ್ನ ಮಾಮಾ ಹೋಗಿ ಬಂದರು. ಮುಖ ಬಿಳುಚಿಕೊಂಡಿತ್ತು. ಮೊಪೆಡ್ಡು ಬಂದ್ ಮಾಡಿ, ಚಪ್ಪಲಿ ಬಿಟ್ಟು, ಲಿಂಗ ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚಿದ್ದೇ ತಡ, ಹಾರ್ನ್ ಬಂತಂತೆ. ಉದ್ದಕ್ಕೆ, ಬಿಡದೆ. ಜಪ ಮುಗಿಸಿ ಕಣ್ಣು ತೆರೆದರೆ ಹತ್ತಿರದಲ್ಲಿ ಒಂದೂ ಗಾಡಿ ಇರಲಿಲ್ಲವಂತೆ.

"ಭಾಳ ಸಿಟ್ಟಾಗ್ಯಾನ," ಎಂದರು ಅಷ್ಟೇ.

ಬುಧವಾರ ಹಾರ್ನ್ ಮತ್ತೆ ಬಂತು, ಮೂರು ಸಲ, ನಿನ್ನೆಗಿಂತ ಸಣ್ಣಗೆ. "ಸಿಟ್ಟು ಇಳೀಲಿಕ್ಹತ್ತೈತಿ," ಎಂದು ಅಕ್ಕನಿಗೆ ಹೇಳಿದರಂತೆ. ಅಕ್ಕ ಅಳುತ್ತ ನನ್ನ ಅಂಗಡಿಗೆ ಬಂದಳು. "ಸೋಮ್ಯಾ, ಮನಿಯೊಳಗ ಮಗ್ಗದ ಸಪ್ಪಳಿಲ್ಲ. ಇವರು ಗೋಡಿ ನೋಡ್ಕೊಂತ ಕುಂದರ್ತಾರ. ಯಾರೂ ಇಲ್ಲದ ಕಡೆ ನೋಡಿ ಹೂಂ ಅಂತಾರ. ನನಗ ಹೆದರಿಕಿ ಬರತೈತೋ. ನೀ ಒಮ್ಮೆ ಸಂಗಾಟ ಹೋಗಿ ಬಾ. ಏನೂ ಕೇಳಸೂದಿಲ್ಲ ಅಂತ ಅವರಿಗೆ ತಿಳಿಸಿ ಹೇಳು."

ಗುರುವಾರ ಹೋದೆ. ಗಾಡಿ ನಾನೇ ನಡೆಸಿದೆ. ಹಿಂದೆ ಕುಳಿತ ಮಾಮಾ ಉಪವಾಸದಲ್ಲಿ ಎಷ್ಟು ಹಗುರಾಗಿದ್ದರೆಂದರೆ ಬಿದ್ದರೇನೋ ಎಂದು ಎರಡು ಸಲ ಕೈ ಹಿಂದೆ ಚಾಚಿ ನೋಡಿದೆ.

ಆ ಜಾಗದಲ್ಲಿ ನೋಡುವುದಕ್ಕೆ ಏನೂ ಇಲ್ಲ. ಎರಡೂ ಕಡೆ ಎರೆಹೊಲ, ರಸ್ತೆಯ ಪಕ್ಕಕ್ಕೆ ಇಳಿಜಾರು, ಇಳಿಜಾರಿನ ತುಂಬ ಒತ್ತಾಗಿ ಬೆಳೆದ ಜಾಲಿ. ಹಿಂದಿನ ವಾರ ಮಳೆಯಾಗಿತ್ತು, ಕೆಳಗೆಲ್ಲೋ ನೀರು ನಿಂತ ವಾಸನೆ. ಲಾರಿ ಬಂದಾಗ ಗಾಳಿ ರಪ್ಪನೆ ಬಡಿಯುತ್ತಿತ್ತು. ಲಾರಿ ಹೋದ ಮೇಲೆ ಎಂಥ ಮೌನ ಅಂದರೆ ನನ್ನ ಕಿವಿಯೊಳಗಿನ ರಕ್ತದ ಸದ್ದು ನನಗೇ ಕೇಳುತ್ತಿತ್ತು. ಹನ್ನೆರಡೂವರೆ. ನೆರಳು ಕಾಲ ಬುಡದಲ್ಲಿತ್ತು. ನಾನು ಎಂಜಿನ್ ಬಂದ್ ಮಾಡಿ ಬೀಗದ ಕೈ ಜೇಬಿಗೆ ಹಾಕಿಕೊಂಡೆ. ಮಾಮಾ ಬರಿಗಾಲಲ್ಲಿ ಕಾದ ಡಾಂಬರಿನ ಮೇಲೆ ನಿಂತು ಕಣ್ಣು ಮುಚ್ಚಿದರು. ತುಟಿ ಅಲುಗತೊಡಗಿತು.

ಬಂತು.

ದೂರದಿಂದಲ್ಲ, ಮುಂದಿನಿಂದಲ್ಲ. ನನ್ನ ಕಾಲ ಕೆಳಗಿನಿಂದ. ಕೆಮ್ಮಿದ ಹಾಗೆ, ಕರ್ರ್... ಕರ್ರ್... ಒಂದೇ ಒಂದು ಕ್ಷಣ ನನ್ನ ಕಿವಿ ತನ್ನ ಕೆಲಸ ಮಾಡಿತು. ಬ್ಯಾಟರಿ ಇಳಿದ ಬೈಕಿನ ಹಾರ್ನ್ ಇದು ಎಂದುಕೊಂಡೆ. ಮರುಕ್ಷಣವೇ ಕಣ್ಣು ಎತ್ತಿ ನೋಡಿದರೆ ಹಿಂದೆ ಇಲ್ಲ, ಮುಂದೆ ಇಲ್ಲ, ಬೈಕು ಎಲ್ಲೂ ಇಲ್ಲ. ಅಯ್ಯೋ ಶಿವನೇ ಎಂದೆ. ದೇವರು, ಉಪವಾಸ, ಆಣೆ ಎಂದರೆ ಮೂಗು ಮುರಿಯುತ್ತಿದ್ದ ನಾನು ಆ ಕ್ಷಣಕ್ಕೆ ಎಲ್ಲವನ್ನೂ ನಂಬಿಬಿಟ್ಟೆ.

ಮಾಮಾರ ರಟ್ಟೆ ಹಿಡಿದು ಜಗ್ಗಿದೆ. "ನಡೀರಿ, ನಡೀರಿ ಮೊದಲ!"

ಅವರು ಕಣ್ಣು ತೆರೆದರು. ಕಣ್ಣಲ್ಲಿ ನೀರು, ಮುಖದಲ್ಲಿ ನಗು. "ಕೇಳಿದ್ಯಾ? ಎಷ್ಟ್ ಮೆತ್ತಗಾತು ನೋಡು. ಕನಿಕರ ಬಂದೈತಿ ಅವಗ."

ಗಾಡಿ ಚಾಲೂ ಮಾಡುವಾಗ ಕಿಕ್ಕರಿನ ಮೇಲಿಂದ ಕಾಲು ಎರಡು ಸಲ ಜಾರಿತು. ಹೊರಟಾಗ ಹಿಂದಿನಿಂದ ಮತ್ತೆ ಬಂತು, ಎರಡು ಸಲ, ಅವಸರವಾಗಿ. ನಾನು ಹೊಳ್ಳಿ ನೋಡಲಿಲ್ಲ. ಊರು ಬರುವ ತನಕ ವೇಗ ಇಳಿಸಲಿಲ್ಲ. ಅಕ್ಕನಿಗೆ ಮಾತ್ರ, "ಏನೂ ಇಲ್ಲ ತಗೋ, ದೇವರ ಬ್ಯಾಟರಿ ಇಳಿದೈತಿ, ನಾಳೆಗೆ ಬಂದ್ ಆಗತೈತಿ" ಎಂದು ಚೇಷ್ಟೆ ಮಾಡಿದೆ. ಹೆದರಿದ್ದು ಯಾರಿಗೂ ಗೊತ್ತಾಗಬಾರದಲ್ಲ.

ಶುಕ್ರವಾರ ಮಾಮಾ ಒಬ್ಬರೇ ಹೋದರು. ಅರ್ಧ ತಾಸು ನಿಂತರಂತೆ. ಏನೂ ಕೇಳಲಿಲ್ಲ. ಮನೆಗೆ ಬಂದಾಗ ಅವರ ಮುಖ ನೋಡಬೇಕಿತ್ತು ನೀವು. ಹತ್ತು ವರ್ಷ ಸಣ್ಣವರಾಗಿದ್ದರು. "ಕ್ಷಮಾ ಆತು, ಅಂಬವ್ವ, ಬಡಸು" ಎಂದರು. ಅಕ್ಕ ಅಳುತ್ತ ನಗುತ್ತ ಹೋಳಿಗೆ ಮಾಡಿದಳು, ನನ್ನನ್ನೂ ಕರೆದಳು. ಮಾಮಾ ಎರಡು ಹೋಳಿಗೆ ತಿಂದು, ಕೈ ತೊಳೆದು ಸೀದಾ ಮಗ್ಗಕ್ಕೆ ಇಳಿದರು. ಓಣಿಯವರು ಕಿಟಕಿಯಲ್ಲಿ ಇಣುಕಿ, "ಹೊಳಬಸಪ್ಪನ ಮಗ್ಗ ಚಾಲೂ ಆತವ್ವಾ" ಎಂದು ಮಾತಾಡಿಕೊಂಡರು. ನನಗೂ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ನಾಲ್ಕು ಹೋಳಿಗೆ ತಿಂದೆ.

ಶನಿವಾರ ಬೆಳಿಗ್ಗೆ ಪೊಲೀಸರು ನನ್ನನ್ನು ಕರೆಸಿದರು. ಹಗ್ಗ, ಸ್ಪ್ಯಾನರ್ ತಗೊಂಡು ಬಾ, ಹೆದ್ದಾರಿಯ ಪಕ್ಕ ಒಂದು ಬೈಕ್ ಎತ್ತಬೇಕು ಎಂದರು. ಗಾಡಿ ಎತ್ತುವ ಕೆಲಸಕ್ಕೆ ಅವರು ನನ್ನನ್ನು ಕರೆಯುವುದು ಹೊಸದಲ್ಲ. ಆದರೆ ಜೀಪು ನಿಂತದ್ದು ಗುರುವಾರ ನಾವು ನಿಂತಿದ್ದ ಜಾಗದಲ್ಲೇ.

ಆಡು ಮೇಯಿಸುವ ರಾಮವ್ವ ಎಂಬಾಕೆ ತಪ್ಪಿಸಿಕೊಂಡ ಮರಿಯನ್ನು ಹುಡುಕುತ್ತ ಜಾಲಿಯೊಳಗೆ ಇಳಿದು ಕಂಡಿದ್ದಳು. ಮಳೆನೀರು ಹಾಯಲು ರಸ್ತೆಯ ಅಡಿಯಲ್ಲಿ ಕಟ್ಟಿದ ಸಣ್ಣ ಸೇತುವೆ. ಅದರ ಬಾಯಲ್ಲಿ ಬೈಕ್ ಅಡ್ಡ ಬಿದ್ದಿತ್ತು. ಬೈಕಿನ ಕೆಳಗೆ, ಸೊಂಟದ ತನಕ ಸಿಕ್ಕಿಕೊಂಡು, ರಾಡಿ ನೀರಲ್ಲಿ ಒಬ್ಬ ಮನುಷ್ಯ. ಮೂವತ್ತು ವರ್ಷ ಇರಬಹುದು. ಮುಖ ಮೇಲಕ್ಕಿತ್ತು, ರಸ್ತೆಯ ಕಡೆಗೆ. ಎಡಗೈ ಹ್ಯಾಂಡಲ್ ಹಿಡಿದಿತ್ತು. ಹೆಬ್ಬೆರಳು ಹಾರ್ನಿನ ಗುಂಡಿಯ ಮೇಲಿತ್ತು. ಬೀಗದ ಕೈ ಚಾಲೂ ಆಗಿಯೇ ಇತ್ತು. ನಾನು ಗುಂಡಿ ಒತ್ತಿ ನೋಡಿದೆ, ದೀಪ ಹಾಕಿ ನೋಡಿದೆ. ಬ್ಯಾಟರಿಯಲ್ಲಿ ಏನೂ ಉಳಿದಿರಲಿಲ್ಲ.

ಶಿರೂರಿನ ಪ್ರೇಮಕುಮಾರ. ಇಳಕಲ್ಲಿನ ಕೆಂಪು ಕಲ್ಲಿನ ಕ್ವಾರಿಯಲ್ಲಿ ಕೆಲಸಕ್ಕಿದ್ದ. ಸೋಮವಾರ ರಜೆ ಹೇಳಿ, ತಾಯಿಗೆ ತಿಳಿಸದೆಯೇ ಊರಿಗೆ ಹೊರಟಿದ್ದ. ಊರಿಗೆ ಹೋಗಿದ್ದಾನೆ ಎಂದು ಕ್ವಾರಿಯವರು ಸುಮ್ಮನಿದ್ದರು, ಕ್ವಾರಿಯಲ್ಲಿದ್ದಾನೆ ಎಂದು ತಾಯಿ ಸುಮ್ಮನಿದ್ದಳು. ಫೋನು ನೀರಲ್ಲಿ ಸತ್ತುಹೋಗಿತ್ತು. ಎದೆ ಜಜ್ಜಿದ್ದರಿಂದ ಕೂಗಲು ಧ್ವನಿ ಬಂದಿರಲಿಕ್ಕಿಲ್ಲ ಎಂದರು ಡಾಕ್ಟರು. ಜೀವ ಹೋದದ್ದು ಗುರುವಾರ ಸಂಜೆಯ ಹೊತ್ತಿಗೆ ಎಂದರು. ಮೇಲೆ ನೂರಾರು ಗಾಡಿ ಓಡುತ್ತಿದ್ದವು, ಯಾವುದೂ ನಿಲ್ಲುತ್ತಿರಲಿಲ್ಲ. ತಲೆಯ ಮೇಲೆ ಗಾಡಿ ಬಂದು ನಿಂತ ಸದ್ದು ಕೇಳಿದಾಗ ಮಾತ್ರ ಅವನು ಗುಂಡಿ ಒತ್ತಿದ್ದ.

ಅಕ್ಕನಿಗೆ ಮಾತ್ರ ಹೇಳಿದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. "ಅವರಿಗೆ ಹೇಳಬ್ಯಾಡೋ, ನಿನ್ನ ಕಾಲ ಬೀಳ್ತೇನಿ. ಈಗಷ್ಟ ಎರಡು ತುತ್ತು ತಿಂದಾರ." ನಾನು ಬಾಯಿ ಹೊಲಿದುಕೊಂಡೆ. ಎರಡು ದಿನ ಅವರ ಮನೆಯ ಮುಂದೆ ಹೋಗುವಾಗಲೆಲ್ಲ ಒಳಗೆ ಲಾಳಿ ಓಡುವ ಸದ್ದು ಕೇಳುತ್ತಿತ್ತು.

ಮೂರನೆಯ ದಿನ ಮಾಮಾ ಅಂಗಡಿಗೆ ಬಂದರು. ಯಾರೋ ಬಜಾರದಲ್ಲಿ ಹೇಳಿದ್ದರು. ಕೈಯಲ್ಲಿ ನೂಲಿನ ಗಂಟು ಹಾಗೇ ಇತ್ತು.

"ಹಾರ್ನು?" ಎಂದು ಕೇಳಿದರು.

ಸುಳ್ಳು ಹೇಳಲು ಬಾಯಿ ತೆರೆದೆ. ಬರಲಿಲ್ಲ. ಹೌದೆಂದು ತಲೆಯಾಡಿಸಿದೆ.

ಹಳೆಯ ಟಾಯರಿನ ಮೇಲೆ ಕುಳಿತರು. ಅಳಲಿಲ್ಲ. "ನಾ ನನ್ನ ಪಾಪ ತೊಳಕೊಳ್ಳಾಕ ನಿಂತಿದ್ದೆಲೇ. ಅಂವ ಬದುಕಾಕ ಕರೀತಿದ್ದ" ಎಂದರು. ಎದ್ದು ಸೀದಾ ಪೊಲೀಸರ ಹತ್ತಿರ ಹೋಗಿ ಎಲ್ಲ ಬರೆಸಿದರು. ಆ ಕೇಸು ಇನ್ನೂ ನಡೆಯುತ್ತಿದೆ. ಅಲ್ಲಿಂದ ಹೊರಗೆ ಬಂದವರೇ ಶಿರೂರಿಗೆ ಕರೆದುಕೊಂಡು ಹೋಗು ಎಂದರು. "ಹೊಡೀತಾರ್ರಿ ಮಾಮಾ, ಬ್ಯಾಡ" ಎಂದೆ. "ಹೊಡೀಲಿ" ಎಂದರು.

ಪ್ರೇಮಕುಮಾರನ ತಾಯಿ ದುರಗವ್ವ ಬಾಗಿಲ ಬಳಿ ಹೊರಸಿನ ಮೇಲೆ ಕುಳಿತಿದ್ದಳು. ಸಣ್ಣ ದೇಹದ ಮುದುಕಿ. ಮಾಮಾ ಹೊಸ್ತಿಲ ಹೊರಗೇ ನಿಂತು, ಸೋಮವಾರದಿಂದ ಶುಕ್ರವಾರದ ತನಕ ಒಂದೂ ಬಿಡದೆ ಹೇಳಿದರು, ತಲೆ ತಗ್ಗಿಸದೆ. ಒಳಗಿದ್ದ ಹೆಂಗಸರು ಬಾಯಿ ಮಾಡುತ್ತ ಹೊರಗೆ ಬಂದರು. ದುರಗವ್ವ ಕೈ ಎತ್ತಿ ಅವರನ್ನು ಸುಮ್ಮನಾಗಿಸಿದಳು.

"ದಿನಾ ಬಂದು ನಿಂದರ್ತಿದ್ರಿ?"

"ಹೂಂ ಯವ್ವಾ."

"ನಿಮ್ಮ ಗಾಡಿ ಬಂದು ನಿಂತಿದ್ದು ಅಂವಗ ಗೊತ್ತಾಗಿರಬೇಕು."

"ಗೊತ್ತಾಗಿರಬೇಕು ಯವ್ವಾ."

"ಯಾರೋ ಬಂದ್ರು ಅಂತ ತಿಳಕೊಂಡಿರಬೇಕು." ಮತ್ತೆ ಕೇಳಿದಳು: "ಕೆಳಗ ಬಗ್ಗಿ ನೋಡಲಿಲ್ಲೇನ್ರಿ? ಒಂದ್ ಸಲಾನೂ?"

"ಕಣ್ಣು ಮುಚ್ಚಿದ್ದೆ ಯವ್ವಾ. ಲಿಂಗ ಹಿಡಕೊಂಡು, ಕಣ್ಣು ಮುಚ್ಚಿದ್ದೆ."

ದುರಗವ್ವ ಅವರನ್ನೇ ನೋಡಿದಳು. ಆಮೇಲೆ ಅವರ ಹಿಂದೆ ನಿಂತಿದ್ದ ನನ್ನ ಕಡೆ ತಿರುಗಿದಳು.

"ನೀನೂ ಹೋಗಿದ್ದೇನಪಾ?"

"ಒಂದ್ ದಿವಸ. ಗುರುವಾರ."

"ನೀನೂ ಕಣ್ಣು ಮುಚ್ಚಿದ್ದೇನು?"

"ಇಲ್ಲವ್ವಾ," ಎಂದೆ. "ತೆರದಿದ್ದೆ."